ಎಂಟು ವರ್ಷದ ಲೆಕ್ಕಕ್ಕೆ ಎಷ್ಟು ಬೆಲೆ?

ಚಳ್ಳಕೆರೆ ಕಡೆಯ ಉಳ್ಳಾರ್ತಿ ಕಾವಲಿನ ಸುತ್ತಿನ ಊರುಗಳಲ್ಲಿ ಚಿಕ್ಕ ಕಚೇರಿ ಎಂದರೆ ಕಂಬಳಿ ನೇಕಾರರ ಸಂಘ, ಹಾಲಿನ ಡೇರಿ, ಶೇಂಗಾ ವ್ಯಾಪಾರದ ಅಂಗಡಿ, ಈಚೆಗೆ ರೈತ ಉತ್ಪಾದಕರ ಕಂಪನಿ. ಇಂಥ ಕಡೆ ಲೆಕ್ಕದ ಸಾಫ್ಟ್‌ವೇರ್ ಕೊಳ್ಳುವ ಮಾತು ಬಂದರೆ ಚರ್ಚೆ ಬೆಲೆಯಿಂದ ಶುರುವಾಗಿ ಬೆಲೆಯಲ್ಲೇ ಮುಗಿಯುತ್ತದೆ. ಬೆಲೆ ಕೇಳುವುದು ತಪ್ಪಲ್ಲ, ಅದು ಸದಸ್ಯರ ದುಡ್ಡು. ಮೊದಲ ವರ್ಷದ ಬೆಲೆ ನೋಡಿಯೇ ಅಗ್ಗ, ತುಟ್ಟಿ ಎಂದು ತೀರ್ಮಾನಿಸುವುದು ತಪ್ಪು. ಲೆಕ್ಕಪುಸ್ತಕಗಳನ್ನು ಎಂಟು ವರ್ಷ ಕಾಪಾಡಬೇಕೆಂದು ಕಂಪನಿ ಕಾಯ್ದೆ ಹೇಳುತ್ತದೆ. ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಎಂದು ಜಿಎಸ್‌ಟಿ ಕಾಯ್ದೆ ಹೇಳುತ್ತದೆ. ಹಾಗಾಗಿ ಬೆಲೆಯನ್ನೂ ಎಂಟು ವರ್ಷಕ್ಕೇ ಲೆಕ್ಕ ಹಾಕಬೇಕು.

ಅದಕ್ಕೂ ಮುಂಚೆ, ಏನನ್ನು ಲೆಕ್ಕ ಇಡಬೇಕು ಎಂಬುದು ಗೊತ್ತಿರಬೇಕು. ಸಂಘ ಉಣ್ಣೆ ಕೊಂಡು ನೂಲುವವರ, ನೇಯುವವರ ಮನೆಗೆ ಕೊಡುತ್ತದೆ ಎಂದುಕೊಳ್ಳಿ. ಅಲ್ಲಿ ದುಡ್ಡಿಗಿಂತ ಮೊದಲು ಮಾಲು ಓಡಾಡುತ್ತದೆ. ಯಾರಿಗೆ ಎಷ್ಟು ಕೆಜಿ ಉಣ್ಣೆ ಹೋಯಿತು, ಎಷ್ಟು ಕಂಬಳಿ ಬಂತು, ಪೋಲಾದದ್ದು ಎಷ್ಟು, ಮಜೂರಿ ಯಾರಿಗೆ ಬಾಕಿ? ಜಗಳ ಹುಟ್ಟುವುದು ಇಲ್ಲೇ. ಮೊಬೈಲಿನಲ್ಲಿ ಸಿಗುವ ಅಗ್ಗದ ಬಿಲ್ಲಿಂಗ್ ಆ್ಯಪ್‌ಗಳು ಬಹುಮಟ್ಟಿಗೆ ಅಂಗಡಿಗೆಂದು ಮಾಡಿದವು. ಮಾರಿದ್ದಕ್ಕೆ ಚಂದದ ಬಿಲ್ ಕೊಡುತ್ತವೆ. ಆದರೆ ಸಂಘದ್ದೇ ಆಗಿದ್ದು ನೇಕಾರನ ಮನೆಯಲ್ಲಿರುವ ಉಣ್ಣೆಯನ್ನು ಎಲ್ಲಿ ತೋರಿಸಬೇಕೆಂದು ಕೇಳಿದರೆ ಎಲ್ಲದರಲ್ಲೂ ಉತ್ತರವಿರುವುದಿಲ್ಲ. ಅದು ಬಾರದ ಸಾಫ್ಟ್‌ವೇರ್ ಪುಕ್ಕಟೆ ಸಿಕ್ಕರೂ ಆ ಸಂಘಕ್ಕೆ ತುಟ್ಟಿಯೇ. ತಿಂಗಳಿಗೆ ಹತ್ತಿಪ್ಪತ್ತು ವೋಚರ್ ಮಾತ್ರ ಇರುವ ಸಂಘ ಕೈಬರಹದ ರೋಕಡ ಪುಸ್ತಕ, ಖಾತಾವಹಿ, ದಾಸ್ತಾನು ಪುಸ್ತಕಗಳನ್ನು ದಿನಾ ಬರೆದಿಟ್ಟರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಪುಕ್ಕಟೆ ಸಿಗುವವನ್ನು ನಾನು ತಳ್ಳಿಹಾಕುವುದಿಲ್ಲ. ವಾರ್ಷಿಕ ವಹಿವಾಟು ಒಂದೂವರೆ ಕೋಟಿ ರೂಪಾಯಿಯ ಒಳಗಿರುವ ಸಣ್ಣ ವ್ಯಾಪಾರಿಗಳಿಗೆಂದು ಜಿಎಸ್‌ಟಿ ಜಾಲವೇ 2019ರಲ್ಲಿ ಉಚಿತ ಬಿಲ್ಲಿಂಗ್ ಮತ್ತು ಲೆಕ್ಕದ ಸಾಫ್ಟ್‌ವೇರ್ ಒದಗಿಸಿತು. ಗ್ನೂಕ್ಯಾಶ್ ಇದೆ, ಜಮಾ-ಖರ್ಚಿನ ಶಿಸ್ತು ಅದರಲ್ಲಿ ಗಟ್ಟಿಯಾಗಿದೆ, ಜಿಎಸ್‌ಟಿ ರಿಟರ್ನ್‌ನ ಕೆಲಸವನ್ನು ಮಾತ್ರ ಬೇರೆಯಾಗಿ ಮಾಡಿಕೊಳ್ಳಬೇಕು. ಮಾಲು ಮಾರುವವರಿಗೆ ನಮ್ಮ ರಾಜ್ಯದಲ್ಲಿ ನೋಂದಣಿಯ ಮಿತಿ ಸಾಮಾನ್ಯವಾಗಿ 40 ಲಕ್ಷ ಇರುವುದರಿಂದ ಎಷ್ಟೋ ಸಂಘಗಳಿಗೆ ಆ ತೊಡಕೇ ಇಲ್ಲ.

ರೈತ ಉತ್ಪಾದಕರ ಕಂಪನಿಯ ಮಾತು ಬೇರೆ. ಹೆಸರಿನಲ್ಲಿ ರೈತರಿದ್ದರೂ ಕಾನೂನಿನ ಕಣ್ಣಿಗೆ ಅದು ಕಂಪನಿ. 2023ರ ಏಪ್ರಿಲ್ 1ರಿಂದ, ಲೆಕ್ಕಕ್ಕೆ ಸಾಫ್ಟ್‌ವೇರ್ ಬಳಸುವ ಪ್ರತಿ ಕಂಪನಿಯೂ ನಮೂದು ತಿದ್ದಿದ್ದು ಯಾವಾಗ, ಏನು ಎಂಬುದು ತಾನಾಗಿ ದಾಖಲಾಗುವ, ಆ ದಾಖಲೆಯನ್ನು ಬಂದ್ ಮಾಡಲು ಬಾರದ ಸಾಫ್ಟ್‌ವೇರನ್ನೇ ಬಳಸಬೇಕು. ಇದು ದೊಡ್ಡ ಕಂಪನಿಗಳಿಗೆ ಮಾತ್ರ ಎಂದುಕೊಂಡು ಹಳೆಯ ಆವೃತ್ತಿಯಲ್ಲೇ ಮುಂದುವರಿದರೆ ಆಡಿಟ್ ವರದಿಯಲ್ಲಿ ಅದು ಕಾಣುತ್ತದೆ. ಶೇರು ಹಾಕಿದ ರೈತನಿಗೂ ಈ ನಿಯಮದಿಂದ ಒಳ್ಳೆಯದೇ. ಶೇಂಗಾ ತೂಕವನ್ನು ಆಮೇಲೆ ಯಾರಾದರೂ ತಿದ್ದಿದರೆ ಗುರುತು ಉಳಿಯುತ್ತದೆ.

ಇನ್ನು ಟ್ಯಾಲಿ. ಗಿರಣಿಗಳಿಗೆ ಕಚ್ಚಾ ಸಾಮಗ್ರಿ, ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ವ್ಯಾಪಾರಕ್ಕೆ ಹೊಂದುವ ಸಾಫ್ಟ್‌ವೇರ್ ಸಿಗದೆ ಮಗ ಭರತ್ ಅವರಿಂದ ಬರೆಸಿದ್ದು ಅದು. ಕಂಪನಿ ಶುರುವಾದದ್ದು 1986ರಲ್ಲಿ, ಇಂದು ನೆಲೆ ಬೆಂಗಳೂರು. ಒಬ್ಬರು ಬಳಸುವ ಪರವಾನಗಿಗೇ 20,000 ರೂಪಾಯಿ ದಾಟುತ್ತದೆ. ಚಿಕ್ಕ ಸಂಘಕ್ಕೆ ಇದು ಭಾರ, ನಿಜ. ಆದರೂ ಎಂಟು ವರ್ಷಕ್ಕೆ ಹಂಚಿ ನೋಡಿ. ಲೆಕ್ಕ ಬರೆಯುವ ಹುಡುಗಿ ಮದುವೆಯಾಗಿ ಬೇರೆ ಊರಿಗೆ ಹೋದರೆ ಆ ಜಾಗಕ್ಕೆ ಚಳ್ಳಕೆರೆಯಂಥ ಪೇಟೆಯಲ್ಲಿ ಟ್ಯಾಲಿ ಕಲಿತ ಇನ್ನೊಬ್ಬರು ಸಿಗುತ್ತಾರೆ. ಯಾರೂ ಅರಿಯದ ಸಾಫ್ಟ್‌ವೇರ್ ಆಗಿದ್ದರೆ ಹೊಸಬರು ಕಲಿಯುವ ತನಕ ಪುಸ್ತಕ ನಿಂತುಬಿಡುತ್ತದೆ.

ದುಡ್ಡು ಉಳಿಸಲು, ಕಲಿಕೆಗೆಂದು ಬಿಟ್ಟ ಟ್ಯಾಲಿಯ ಉಚಿತ ಆವೃತ್ತಿಯಲ್ಲೇ ಲೆಕ್ಕ ಬರೆಯುವವರಿದ್ದಾರೆ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖುಗಳು ಮಾತ್ರ ನಡೆಯುತ್ತವೆ. ಹದಿನಾಲ್ಕರಂದು ಕೊಂಡ ಉಣ್ಣೆ ಒಂದನೇ ತಾರೀಖಿಗೆ ಬಂದು ಕೂರುತ್ತದೆ, ಬ್ಯಾಂಕ್ ಪಾಸ್‌ಬುಕ್ ಜೊತೆ ತಾಳೆಯಾಗುವುದಿಲ್ಲ. ಅದಕ್ಕಿಂತ ಕೈಬರಹದ ಪುಸ್ತಕ ಎಷ್ಟೋ ಪ್ರಾಮಾಣಿಕ.

ಇಂಟರ್ನೆಟ್ ಮೂಲಕ ನಡೆಯುವ, ವರ್ಷಕ್ಕಿಷ್ಟು ಚಂದಾ ಕಟ್ಟುವ ಸಾಫ್ಟ್‌ವೇರ್‌ಗಳಿಗೆ ಒಂದು ಪ್ರಶ್ನೆ ಕೇಳಲೇಬೇಕು: ಚಂದಾ ನಿಲ್ಲಿಸಿದ ಮೇಲೆ ಹಳೆಯ ಲೆಕ್ಕ ತೆರೆಯುತ್ತದೆಯೇ? ಬಾಯಿಮಾತಿನ ಉತ್ತರ ನಂಬದೆ ಒಂದು ತಿಂಗಳ ನಿಜವಾದ ವೋಚರ್‌ಗಳನ್ನು ಪ್ರಯೋಗಕ್ಕೆ ಬರೆದು, ಪೂರ್ತಿ ಖಾತೆಯನ್ನು ಎಕ್ಸೆಲ್ ಫೈಲಾಗಿ ಹೊರತೆಗೆದು, ಆಡಿಟರ್ ಬಳಿ ತೆರೆಸಿ ನೋಡಬೇಕು. ನೇಕಾರರ ಖಾತೆಯ ಹಾಳೆ ಕನ್ನಡದಲ್ಲಿ ಅಚ್ಚಾಗುತ್ತದೆಯೇ ಎಂಬುದನ್ನೂ ಆಗಲೇ ನೋಡಬೇಕು, ಏಕೆಂದರೆ ತನ್ನ ಬಾಕಿಯನ್ನು ತಾನೇ ಓದಿಕೊಳ್ಳುವ ಹಕ್ಕು ಸದಸ್ಯನಿಗಿದೆ. ಖರೀದಿಯ ಠರಾವಿನಲ್ಲಿ ಬೆಲೆಯ ಜೊತೆ ಇನ್ನೆರಡು ಸಾಲು ಸೇರಬೇಕು. ಪರವಾನಗಿ ಕಾರ್ಯದರ್ಶಿಯ ಸ್ವಂತ ಇಮೇಲಿನಲ್ಲಲ್ಲ, ಸಂಘದ ಇಮೇಲಿನಲ್ಲೇ ನೋಂದಣಿಯಾಗಬೇಕು. ಪ್ರತಿ ತಿಂಗಳ ಬ್ಯಾಕಪ್ಪಿನ ಒಂದು ಪ್ರತಿ ಕಚೇರಿಯ ಹೊರಗೆ, ಅಧ್ಯಕ್ಷರ ವಶದಲ್ಲಿರಬೇಕು.