ತಿಂಬುಕ್ತುವಿಗೆ ಬೆಂಕಿಯಿಟ್ಟವರು ಹೊರಗಿನವರಲ್ಲ

ಆಫ್ರಿಕಕ್ಕೆ ಇತಿಹಾಸವೇ ಇಲ್ಲ ಎಂದು ಯುರೋಪಿನ ಪಂಡಿತರು ಬರೆದುದನ್ನು ಓದುವಾಗ ನಮಗೆ ಸಿಟ್ಟು ಬರುತ್ತದೆ. ಬರಬೇಕಾದದ್ದೇ. ಆದರೆ ಬಗ್ದಾದ್, ಕೊರ್ಡೋವಾಗಳ ಗತವೈಭವವನ್ನು ವೇದಿಕೆಯಿಂದ ವೇದಿಕೆಗೆ ಹೊತ್ತು ತಿರುಗುವ ನಮ್ಮ ಭಾಷಣಕಾರರಲ್ಲಿ ಮಾಲಿ ದೇಶದ ತಿಂಬುಕ್ತುವಿನ ಹೆಸರೆತ್ತಿದವರು ಎಷ್ಟು ಮಂದಿ? ಹಝ್ರತ್ ಬಿಲಾಲ್(ರ)ರ ಬಗ್ಗೆ ಕಣ್ಣೀರು ತರಿಸುವಂತೆ ಮಾತನಾಡುವ ನಾವು, ಕರಿಯ ಜನಾಂಗದ ವಿದ್ವತ್ತನ್ನು ನಮ್ಮದೆಂದು ಎಂದಾದರೂ ಎಣಿಸಿದ್ದೇವೆಯೇ?

ಹದಿನಾರನೆಯ ಶತಮಾನದಲ್ಲಿ ಆ ಮರಳುನಗರದ ಪೇಟೆಯಲ್ಲಿ ಮಿಕ್ಕ ಸರಕುಗಳಿಗಿಂತ ಹೆಚ್ಚು ಲಾಭ ತರುತ್ತಿದ್ದುದು ಗ್ರಂಥಗಳು. ಸಂಕೋರೆ ಮಸೀದಿಯ ಸುತ್ತ ಫಿಕ್ಹ್, ಖಗೋಳ, ವೈದ್ಯ, ವ್ಯಾಕರಣಗಳ ಪಾಠ ನಡೆಯುತ್ತಿತ್ತು. ಅಲ್ಲಿನ ಮಹಾವಿದ್ವಾಂಸ ಅಹ್ಮದ್ ಬಾಬಾ (1556-1627) ತನ್ನಿಂದ 1600 ಗ್ರಂಥಗಳನ್ನು ದೋಚಲಾಯಿತೆಂದೂ ತನ್ನ ಕುಟುಂಬದಲ್ಲಿ ತನ್ನದೇ ಅತಿ ಸಣ್ಣ ಗ್ರಂಥಾಲಯವೆಂದೂ ಅಳಲಿದ್ದರು. ದೋಚಿದವರು ಯಾರು? 1591ರಲ್ಲಿ ದಂಡೆತ್ತಿ ಬಂದ ಮೊರಾಕ್ಕೊದ ಮುಸ್ಲಿಮ್ ಸುಲ್ತಾನನ ಸೈನಿಕರು. ಅವರನ್ನು ಸಂಕೋಲೆಯಲ್ಲಿ ಮರ್ರಾಕಿಶ್‌ಗೆ ಒಯ್ಯಲಾಯಿತು. ಚರ್ಮದ ಕಪ್ಪು ಬಣ್ಣ ಯಾರನ್ನೂ ಗುಲಾಮನನ್ನಾಗಿಸದು ಎಂದು 1615ರಲ್ಲಿ ಬರೆದವರೂ ಅವರೇ. ಗುಲಾಮಗಿರಿಯನ್ನೇ ಅವರು ನಿರಾಕರಿಸಲಿಲ್ಲ ಎಂಬುದನ್ನು ನಾವು ಮರೆಮಾಚಬೇಕಾಗಿಲ್ಲ.

ವಸಾಹತುಶಾಹಿಯೂ ಕೈಕಟ್ಟಿ ಕೂತಿರಲಿಲ್ಲ. 1890ರಲ್ಲಿ ಸೆಗುವಿನಲ್ಲಿದ್ದ ಉಮರ್ ತಾಲ್ ಮನೆತನದ ಗ್ರಂಥಾಲಯವನ್ನು ಫ್ರೆಂಚ್ ಸೇನೆ ವಶಪಡಿಸಿಕೊಂಡಿತು. ಅದು ಇಂದಿಗೂ ಪ್ಯಾರಿಸಿನಲ್ಲಿದೆ. ಆದರೂ ಅವರು ಕದ್ದರು, ಸುಡಲಿಲ್ಲ.

ಸುಟ್ಟವರು ಶರೀಅತ್‌ನ ಹೆಸರು ಹೇಳಿಕೊಂಡು ಬಂದರು. 2012ರಲ್ಲಿ ನಗರವನ್ನು ಹಿಡಿದ ಶಸ್ತ್ರಧಾರಿಗಳು ಔಲಿಯಾಗಳ ಗೋರಿಗಳನ್ನು ಗುದ್ದಲಿಯಿಂದ ಕೆಡವಿದರು. 2013ರ ಜನವರಿಯಲ್ಲಿ ಓಡಿಹೋಗುವಾಗ ಅಹ್ಮದ್ ಬಾಬಾ ಸಂಸ್ಥೆಯ ಸುಮಾರು 4000 ಹಸ್ತಪ್ರತಿಗಳಿಗೆ ಬೆಂಕಿಯಿಟ್ಟರು. ಮೊದಲ ದಿವ್ಯವಾಣಿಯೇ ಓದಿನ ಆಜ್ಞೆಯಾಗಿದ್ದ ಧರ್ಮದ ಹೆಸರಲ್ಲಿ! ಸುಟ್ಟ ರಾಶಿಯಲ್ಲಿ ಕುರ್‌ಆನ್ ವ್ಯಾಖ್ಯಾನಗಳಿರಲಿಲ್ಲವೆಂದು ಯಾರು ಹೇಳಬಲ್ಲರು?

ಉಳಿಸಿದವರು ಸಾಮಾನ್ಯ ಮುಸ್ಲಿಮರು. ಅಬ್ದುಲ್ ಖಾದರ್ ಹೈದರಾ ಮತ್ತು ಅವರ ಸಂಗಡಿಗರು ಮನೆಮನೆಗಳಲ್ಲಿ ತಲೆಮಾರುಗಳಿಂದ ಕಾಪಿಟ್ಟಿದ್ದ ಲಕ್ಷಗಟ್ಟಲೆ ಹಸ್ತಪ್ರತಿಗಳನ್ನು ತಗಡಿನ ಪೆಟ್ಟಿಗೆಗಳಲ್ಲಿ ತುಂಬಿ, ಕತ್ತೆಗಾಡಿ, ಜೀಪು, ದೋಣಿಗಳಲ್ಲಿ ಬಮಾಕೋಗೆ ಸಾಗಿಸಿದರು. ಅನಂತರ ಅವುಗಳ ಡಿಜಿಟಲ್ ಪ್ರತಿ ಮಾಡಲು ನೆರವಾದವರಲ್ಲಿ ಅಮೆರಿಕದ ಕ್ರೈಸ್ತ ಸನ್ಯಾಸಿಗಳು ಸ್ಥಾಪಿಸಿದ ಗ್ರಂಥಾಲಯವೊಂದಿದೆ. ಜರ್ಮನರಿದ್ದಾರೆ, ಡಚ್ಚರಿದ್ದಾರೆ. ಯಮಾನಿಯವರು ಲಂಡನ್‌ನಲ್ಲಿ ಸ್ಥಾಪಿಸಿದ ಅಲ್ ಫುರ್ಖಾನ್ ಸಂಸ್ಥೆಯು ಗ್ರಂಥಸೂಚಿಗಳನ್ನು ಪ್ರಕಟಿಸಿದ್ದನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಆದರೆ ಗಗನಚುಂಬಿ ಕಟ್ಟಡಗಳಿಗೆ ಸುರಿದ ತೈಲದ ಹಣದ ಮುಂದೆ ಅದೆಷ್ಟು?

2025ರ ಆಗಸ್ಟ್‌ನಲ್ಲಿ ಪೆಟ್ಟಿಗೆಗಳ ಮೊದಲ ಕಂತು ವಿಮಾನದಲ್ಲಿ ತಿಂಬುಕ್ತುವಿಗೆ ಮರಳಿತು. ಬಮಾಕೋದ ತೇವದ ಹವೆ ಆ ಹಳೆಯ ಕಾಗದಕ್ಕೆ ಒಗ್ಗುತ್ತಿರಲಿಲ್ಲ. 2023ರಲ್ಲಿ ಅದೇ ನಗರಕ್ಕೆ ದಿಗ್ಬಂಧನ ಹಾಕಿದವರು ಕೂಡಾ ತಮ್ಮನ್ನು ಇಸ್ಲಾಮಿನ ಕಾವಲುಗಾರರೆಂದೇ ಕರೆದುಕೊಳ್ಳುತ್ತಾರೆ.