ಸೊಸೈಟಿ ನಮ್ಮದು, ನೆಲ ಸಿಡ್ಕೋದ್ದು

ಮಳೆಗಾಲಕ್ಕೆ ಮುಂಚೆ ಥಾಣೆ, ಕಲ್ಯಾಣ–ಡೊಂಬಿವಲಿ ಪಾಲಿಕೆಗಳು ಅಪಾಯಕಾರಿ ಕಟ್ಟಡಗಳ ಪಟ್ಟಿ ಹೊರಡಿಸುತ್ತವೆ. ಗೋಡೆಗೆ ನೋಟಿಸು ಬೀಳುತ್ತದೆ, ಆದರೂ ಎಷ್ಟೋ ಮನೆಗಳು ಖಾಲಿಯಾಗುವುದಿಲ್ಲ. ಇದನ್ನು ಹಟ ಎನ್ನುವವರಿದ್ದಾರೆ. ಆದರೆ ಪಗಡಿ (ಬಾಡಿಗೆ ಹಕ್ಕಿಗಾಗಿ ಮುಂಗಡವಾಗಿ ಕೊಡುವ ದೊಡ್ಡ ಮೊತ್ತ) ಕೊಟ್ಟು ತಲೆಮಾರುಗಳಿಂದ ಬಾಳಿದ ಬಾಡಿಗೆದಾರರಿಗೆ ಒಮ್ಮೆ ಹೊಸ್ತಿಲು ದಾಟಿದರೆ ಮತ್ತೆ ಒಳಗೆ ಬಿಡುತ್ತಾರೆಂಬ ನಂಬಿಕೆಯಿಲ್ಲ. ಅಪಾಯವೇನೂ ಸುಳ್ಳಲ್ಲ: 2015ರ ಜುಲೈನಲ್ಲಿ ಇದೇ ಪ್ರದೇಶದ ಠಾಕುರ್ಲಿಯ ಮಾತೃಕೃಪಾ ಕಟ್ಟಡ ಕುಸಿದು 9 ಮಂದಿ ಸತ್ತರು.

ಮಾಲೀಕ ದುರಸ್ತಿ ಮಾಡದಿದ್ದರೆ ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎನ್ನುತ್ತದೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ. ಆದರೆ ವರ್ಷಕ್ಕೆ ಮುರಿಯಬಹುದಾದದ್ದು ಆ ವರ್ಷದ ಬಾಡಿಗೆಯ ನಾಲ್ಕನೇ ಒಂದು ಪಾಲು ಮಾತ್ರ. ಹಳೆಯ ಪಗಡಿ ಬಾಡಿಗೆಯ ಕಾಲುಭಾಗದಲ್ಲಿ ಒಂದು ಕಂಬಕ್ಕೂ ಪ್ಲಾಸ್ಟರ್ ಆಗದು. ಇಂಥ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ನವಿ ಮುಂಬೈಯ ಕಥೆ ಬೇರೆ. 1970ರಲ್ಲಿ ಹುಟ್ಟಿದ ಸರ್ಕಾರಿ ನಗರಾಭಿವೃದ್ಧಿ ನಿಗಮ ಸಿಡ್ಕೋ ವಾಶಿ, ನೇರುಳ್‌ಗಳಲ್ಲಿ ಕಡಿಮೆ ಆದಾಯದವರಿಗೆ ಮನೆ ಕಟ್ಟಿ ಮಾರಿತು. ಸೊಸೈಟಿಗಳಾದವು, ನಿರ್ವಹಣೆ ನಿವಾಸಿಗಳ ತಲೆಗೆ ಬಂತು, ಗುತ್ತಿಗೆಯ ನೆಲ ಮಾತ್ರ ಸಿಡ್ಕೋ ಬಳಿಯೇ ಉಳಿಯಿತು. ಸೋರುವ ಸೂರಿಗೆ ಹಣ ಕೂಡಿಸುವವರು ನಿವಾಸಿಗಳು. ಮನೆ ಮಾರಲು, ಹೊಸದಾಗಿ ಕಟ್ಟಲು ಅನುಮತಿ ಬೇಡುವವರೂ ಅವರೇ. ಸ್ವಯಂ ಪುನರಭಿವೃದ್ಧಿಗೆ ರಾಜ್ಯ ಸರ್ಕಾರ 2019ರಲ್ಲಿ ಉತ್ತೇಜನ ಘೋಷಿಸಿದ್ದು ಒಳ್ಳೆಯ ಹೆಜ್ಜೆ. ಬಿಲ್ಡರನ ಹಂಗಿಲ್ಲದೆ ಜನರೇ ಕಟ್ಟಿಕೊಳ್ಳಬೇಕಾದರೆ ನೆಲದ ಹಕ್ಕು ಮೊದಲು ಸೊಸೈಟಿಯ ಕೈಗೆ ಬರಬೇಕು, ಸಾಲ ಸುಲಭವಾಗಿ ಸಿಗಬೇಕು.

ಆದರೆ ಹಕ್ಕು ಕೈಗೆ ಬಂದ ಮಾತ್ರಕ್ಕೆ ಎಲ್ಲ ಸರಿಹೋಗದು. ಇಂಗ್ಲೆಂಡ್‌ನಲ್ಲಿ ನಗರಸಭೆಗಳ ಬಾಡಿಗೆದಾರರಿಗೆ ವಸತಿ ನಿರ್ವಹಣೆಯನ್ನು ತಾವೇ ವಹಿಸಿಕೊಳ್ಳುವ ಹಕ್ಕು 1994ರಿಂದ ಇದೆ. ಲಂಡನ್ನಿನ ಗ್ರೆನ್‌ಫೆಲ್ ಟವರ್ ಕೂಡ ಹೆಸರಿಗೆ ಬಾಡಿಗೆದಾರರದೇ ಆದ ಸಂಸ್ಥೆಯ ಉಸ್ತುವಾರಿಯಲ್ಲಿತ್ತು. ಬೆಂಕಿಯ ಅಪಾಯದ ಬಗ್ಗೆ ನಿವಾಸಿಗಳು ಮೊದಲೇ ಎಚ್ಚರಿಸಿದ್ದರು. ಆದರೆ ಇಡೀ ಬರೋದ (ನಗರದ ಆಡಳಿತ ವಿಭಾಗದ) ಸಾವಿರಾರು ಮನೆಗಳನ್ನು ನೋಡಿಕೊಳ್ಳುತ್ತಿದ್ದ ಆ ಸಂಸ್ಥೆ ತನ್ನ ಜನರಿಂದಲೇ ದೂರವಾಗಿತ್ತು. 2017ರ ಜೂನ್ 14ರ ಬೆಂಕಿಗೆ 72 ಮಂದಿ ಬಲಿಯಾದರು. ನಿವಾಸಿಯ ಮಾತಿಗೆ ಕಿವಿಗೊಡದ ಆಡಳಿತ ಯಾರ ಹೆಸರಿನಲ್ಲಿದ್ದರೇನು?

ಈ ಪ್ರಶ್ನೆ ನಮ್ಮ ಸೊಸೈಟಿಗಳಿಗೂ ಇದೆ. ಡೊಂಬಿವಲಿ, ಕಲ್ಯಾಣಗಳ ಎಷ್ಟೋ ಫ್ಲಾಟುಗಳಲ್ಲಿ ಇರುವವರು ಬಾಡಿಗೆದಾರರು. ಊರು ಬಿಟ್ಟು ಬಂದ ಕರಾವಳಿಯ ಹೋಟೆಲ್ ಕಾರ್ಮಿಕರೂ ಅವರಲ್ಲಿದ್ದಾರೆ. ಬೇರೆಡೆ ವಾಸಿಸುವ ಮಾಲೀಕನಿಂದ ಸೊಸೈಟಿ ಸೇವಾ ಶುಲ್ಕದ ಶೇ 10ರವರೆಗೆ ಹೆಚ್ಚುವರಿ ವಸೂಲಿ ಮಾಡಬಹುದು, ಮತ ಅವನದೇ. ಬಿರುಕುಬಿಟ್ಟ ಚಾವಣಿಯಡಿ ಮಲಗುವವರಿಗೆ ಮಹಾಸಭೆಯಲ್ಲಿ ಕುರ್ಚಿಯಿಲ್ಲ. ಮತ ಕೊಡಲಾಗದಿದ್ದರೂ, ಕಟ್ಟಡದ ರಚನಾ ತಪಾಸಣೆಯ ವರದಿ ಮತ್ತು ದುರಸ್ತಿಯ ಲೆಕ್ಕವನ್ನು ನೋಡುವ, ಸಭೆಯಲ್ಲಿ ಮಾತಾಡುವ ಹಕ್ಕನ್ನು ಸಹಕಾರ ಕಾಯ್ದೆ ಅವರಿಗೆ ಕೊಡಬೇಕು.