ಬಿಡುವಿಲ್ಲದವರ ಬಿಡುವು

ಮನೆಗೆ ಬಂದ ನೆಂಟರು ಕುಶಲ ವಿಚಾರಿಸಿದರೆ ಇಂದಿನ ಗೃಹಸ್ಥರ ಬಾಯಿಂದ ಮೊದಲು ಹೊರಡುವ ಮಾತು 'ಒಂದು ನಿಮಿಷವೂ ಬಿಡುವಿಲ್ಲ' ಎಂಬುದು. ಅದನ್ನು ಹೇಳುವ ದನಿಯಲ್ಲಿ ದಣಿವು ಎಷ್ಟಿರುವುದೋ ಹೆಮ್ಮೆಯೂ ಅಷ್ಟೇ ಇರುತ್ತದೆ. ಬಿಡುವುಳ್ಳ ಮನುಷ್ಯ ಕೆಲಸಕ್ಕೆ ಬಾರದವನೆಂಬ ಭಾವನೆ ಪಟ್ಟಣದ ಸಂಸಾರಗಳಲ್ಲಿ ಅಷ್ಟು ಆಳವಾಗಿ ಬೇರೂರಿದೆ.

ಸಿಂಧನೂರಿನಂಥ ಊರಿನ ಗೃಹಸ್ಥರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ತುಂಗಭದ್ರೆಯ ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಜೋಳದ ಸೀಮೆ ಭತ್ತದ ಸೀಮೆಯಾಯಿತು. ಭತ್ತದ ಬೆನ್ನಿಗೆ ಅಕ್ಕಿ ಗಿರಣಿಗಳು ಬಂದವು, ಗಂಜಿನಲ್ಲಿ ಅಡತಿ ಅಂಗಡಿಗಳು ಬಂದವು, ಗೊಬ್ಬರದ ಮಳಿಗೆಗಳೂ ಬ್ಯಾಂಕುಗಳೂ ಬಂದವು. ಅಂಥ ಒಂದು ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುವ ಈ ಮಹನೀಯರು ಮನೆ ಸೇರುವುದು ರಾತ್ರಿ ಎಂಟರ ಮೇಲೆ. ಕಾಲೇಜಿನ ದಿನಗಳಲ್ಲಿ ಅವರು ಹಾರ್ಮೋನಿಯಂ ನುಡಿಸುತ್ತಿದ್ದುದುಂಟು. ಆ ಪೆಟ್ಟಿಗೆ ಈಗ ಅಟ್ಟ ಸೇರಿದೆ. ಹಳೆಯ ಆಸೆ ಮರಳಿ ಚಿಗುರಿದಾಗ ಒಂದು ಎಲೆಕ್ಟ್ರಾನಿಕ್ ಕೀಬೋರ್ಡ್ ಬಂದಿತು. ಅದನ್ನಿಡಲು ಸ್ಟ್ಯಾಂಡು, ಕಿವಿಗೆ ಹೆಡ್‌ಫೋನು, ಪಾಠ ನೋಡಲು ಟ್ಯಾಬು ಕೂಡ ಹಿಂಬಾಲಿಸಿದವು. ಯಾವ ಕೀಬೋರ್ಡು ಮೇಲೆಂದು ತಿಳಿಯಲು ಮೊಬೈಲಿನಲ್ಲಿ ವಿಡಿಯೋ ನೋಡಿದ ಗಂಟೆಗಳನ್ನು ಕೂಡಿದರೆ ಅಷ್ಟು ಹೊತ್ತಿನಲ್ಲಿ ಭೂಪ ರಾಗದ ಆರೋಹ ಅವರೋಹಗಳು ಬೆರಳಿಗೆ ಹತ್ತುತ್ತಿದ್ದವು. ಕೀಬೋರ್ಡಿನ ಮೇಲೆ ಈಗ ಒಗೆದ ಬಟ್ಟೆಗಳ ರಾಶಿ.

ಇದು ಸೋಮಾರಿತನವೆಂದು ತಳ್ಳಿಹಾಕುವಂತಿಲ್ಲ. ಸಾಮಾನನ್ನು ಕೊಳ್ಳುವಾಗ ಮನಸ್ಸಿಗೆ ಹವ್ಯಾಸವನ್ನೇ ಆರಂಭಿಸಿದಷ್ಟು ಸುಖವಾಗುತ್ತದೆ. ಆ ಸುಖ ಸಿಕ್ಕಿಬಿಟ್ಟ ಮೇಲೆ ಅಭ್ಯಾಸದ ಕಷ್ಟ ಯಾರಿಗೆ ಬೇಕು? ಇನ್ನು ಮೊಬೈಲು ಹೆಚ್ಚು ಜಾಣ. ಅದು ಒಂದು ಗಂಟೆಯನ್ನು ಇಡಿಯಾಗಿ ಕೇಳುವುದೇ ಇಲ್ಲ. ಚಹಾ ಆರುವವರೆಗೆ, ಬಸ್ಸು ಹೊರಡುವವರೆಗೆ, ಅನ್ನ ಬೇಯುವವರೆಗೆ ಎಂದು ಚೂರುಚೂರಾಗಿ ಕೇಳುತ್ತದೆ. ಹಿಂದೆ ಈ ಚೂರುಗಳಲ್ಲಿ ಮನುಷ್ಯರು ಕಿಟಕಿಯ ಆಚೆ ನೋಡುತ್ತಿದ್ದರು.

ಕಿಟಕಿಯ ಮಾತು ಬಂದುದು ಸುಮ್ಮನೆ ಅಲ್ಲ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ನಡುದಾರಿಯಲ್ಲಿ ಮಸ್ಕಿಯನ್ನು ಹಾದು ಹೋಗುತ್ತದೆ. ಅಲ್ಲಿಯ ಗುಡ್ಡಗಳಲ್ಲಿ ಅಶೋಕನ ಶಾಸನವಿರುವ ಬಂಡೆಯುಂಟೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಆ ಬಂಡೆ ಲೋಕಕ್ಕೆ ತಿಳಿದ ಬಗೆಯನ್ನು ವಿಚಾರಿಸಿದರೆ, ಕೈತುಂಬ ಕೆಲಸವಿದ್ದ ನಾಲ್ವರು ನೌಕರಸ್ಥರ ಕಥೆ ಹೊರಬೀಳುತ್ತದೆ.

ಮೊದಲನೆಯವನು ಜೇಮ್ಸ್ ಪ್ರಿನ್ಸೆಪ್. ಕಲಕತ್ತೆಯ ಟಂಕಸಾಲೆಯಲ್ಲಿ ಬೆಳ್ಳಿ ಬಂಗಾರಗಳ ಶುದ್ಧಿಯನ್ನು ಪರೀಕ್ಷಿಸುವುದು ಅವನ ಉದ್ಯೋಗ. ಹೊಸ ನಾಣ್ಯಗಳ ನಡುವೆ ಕುಳಿತವನಿಗೆ ಹಳೆಯ ನಾಣ್ಯಗಳ ಮೇಲೆ ಕಣ್ಣು ಹೋದುದು ಸಹಜ. ನಾಣ್ಯಗಳ ಮೇಲೆ ಯಾರೂ ಓದಲಾರದ ಅಕ್ಷರಗಳು. ಅಂಥವೇ ಅಕ್ಷರಗಳು ದೆಹಲಿ, ಅಲಹಾಬಾದುಗಳ ಕಂಬಗಳ ಮೇಲೂ ಇದ್ದವು. ಸಾಂಚಿಯ ಸ್ತೂಪದಿಂದ ಬಂದ ಅನೇಕ ಚಿಕ್ಕ ಬರಹಗಳು ಒಂದೇ ಎರಡು ಅಕ್ಷರಗಳಲ್ಲಿ ಮುಗಿಯುತ್ತಿದ್ದುದನ್ನು ಅವನು ಗಮನಿಸಿದ. ಗುಡಿಗೆ ಕಾಣಿಕೆ ಕೊಟ್ಟವರು ತಮ್ಮ ಹೆಸರಿನ ಮುಂದೆ ಏನು ಕೆತ್ತಿಸುತ್ತಾರೆ? 'ದಾನಂ' ಎಂದಲ್ಲವೆ? ಆ ಎರಡು ಅಕ್ಷರಗಳ ಬೀಗ ತೆರೆಯಿತು. 1837ರಲ್ಲಿ ಬ್ರಾಹ್ಮೀ ಲಿಪಿ ಪೂರ್ಣವಾಗಿ ಬಿಡಿಸಿಕೊಂಡಿತು. ಕಂಬಗಳ ಮೇಲಿನ ಅರಸ ತನ್ನನ್ನು 'ದೇವಾನಾಂಪಿಯ ಪಿಯದಸಿ' ಎಂದು ಕರೆದುಕೊಂಡಿದ್ದ. ಅವನು ಯಾರು? ಸಿಂಹಳದ ಸರಕಾರಿ ಸೇವೆಯಲ್ಲಿದ್ದ ಜಾರ್ಜ್ ಟರ್ನರ್ ಬಿಡುವಿನಲ್ಲಿ ಪಾಳಿ ಭಾಷೆಯ ಹಳೆಯ ಗ್ರಂಥಗಳನ್ನು ಓದುತ್ತಿದ್ದವನು. ಪಿಯದಸಿ ಎಂದರೆ ಅಶೋಕನೇ ಎಂದು ಆತ ತೋರಿಸಿಕೊಟ್ಟ. ಆದರೂ 'ಅಶೋಕ' ಎಂಬ ಹೆಸರನ್ನೇ ಹೊತ್ತ ಶಾಸನ ಒಂದೂ ದೊರೆತಿರಲಿಲ್ಲ.

ಮೂರನೆಯವನು ರಾಬರ್ಟ್ ಬ್ರೂಸ್ ಫೂಟ್, ಭೂವಿಜ್ಞಾನ ಇಲಾಖೆಯವನು. ಕಲ್ಲು ನೋಡುವುದಕ್ಕೇ ಸಂಬಳ ಪಡೆಯುತ್ತಿದ್ದ ಈತ 1863ರಲ್ಲಿ ಮದರಾಸಿನ ಹತ್ತಿರದ ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನ ಆಯುಧವನ್ನು ಗುರುತಿಸಿದ. ಇಲಾಖೆ ಅವನಿಂದ ಬಯಸಿದ್ದು ಬಂಡೆಗಳ ವಿವರ, ಖನಿಜಗಳ ವಿವರ. ಆಯುಧಗಳು ಅವನ ಸ್ವಂತ ಹುಚ್ಚು. 1870ರಲ್ಲಿ ಒಮ್ಮೆ, 1888ರಲ್ಲಿ ಇನ್ನೊಮ್ಮೆ ಅವನು ಮಸ್ಕಿಯ ಪ್ರಾಚೀನ ನೆಲೆಯನ್ನು ಪರಿಶೀಲಿಸಿದ. ಶಾಸನ ಮಾತ್ರ ಅವನ ಮೂಲಕ ಬೆಳಕಿಗೆ ಬರಲಿಲ್ಲ.

ಅದು ಒದಗಿದ್ದು 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರಿಗೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಿಂದ ಮಸ್ಕಿಯವರೆಗಿನ ಪಟ್ಟಿ ಹಿಂದಿನಿಂದಲೂ ಚಿನ್ನದ ನೆಲ. ಅದನ್ನು ಹುಡುಕುತ್ತ ಗುಡ್ಡ ಅಲೆಯುತ್ತಿದ್ದವನ ಕಣ್ಣಿಗೆ ಬಂಡೆಯ ಮೇಲಿನ ಗೀರುಗಳು ಬಿದ್ದವು. ಚಿನ್ನಕ್ಕೂ ಆ ಗೀರುಗಳಿಗೂ ಸಂಬಂಧವಿರಲಿಲ್ಲ. ನೋಡಿ ಮುಂದೆ ನಡೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವನು ನಡೆಯಲಿಲ್ಲ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಆ ಬರಹವನ್ನು ಓದಿ ಪ್ರಕಟಿಸಿದರು. ದೇವಾನಾಂಪಿಯ ಎಂಬ ಬಿರುದಿನ ಜತೆಯಲ್ಲಿ ಅಶೋಕನೆಂಬ ಹೆಸರು ಅದರಲ್ಲಿತ್ತು. ಗ್ರಂಥಗಳ ಆಧಾರದಿಂದ ನಂಬಿಕೊಂಡು ಬಂದುದನ್ನು ಎಂಬತ್ತು ವರ್ಷಗಳ ಅನಂತರ ಕಲ್ಲೇ ಹೇಳಿತು.

ಈ ನಾಲ್ವರ ಬಾಳಿನಲ್ಲಿ ಒಂದು ಅಂಶ ಸಮಾನವಾಗಿದೆ. ಉದ್ಯೋಗವನ್ನು ಮುಗಿಸಿ, ಅದನ್ನು ಮರೆತು, ಎಲ್ಲೋ ದೂರದಲ್ಲಿ ಅವರು ಹವ್ಯಾಸವನ್ನು ಅರಸಲಿಲ್ಲ. ಕೆಲಸ ಕರೆದೊಯ್ದ ದಾರಿಯ ಪಕ್ಕದಲ್ಲಿಯೇ ಅದು ಬೆಳೆದಿತ್ತು. ಇಂದಿನವರಿಗೆ ದಿನವನ್ನು ಉದ್ಯೋಗಕ್ಕಿಷ್ಟು, ಮನೆಗಿಷ್ಟು, ಹವ್ಯಾಸಕ್ಕಿಷ್ಟು ಎಂದು ಕತ್ತರಿಸಿ ಹಂಚುವ ಚಪಲ. ಹಟ್ಟಿಯ ಗಣಿಯಲ್ಲಿ ಪಾಳಿಯ ಮೇಲೆ ದುಡಿಯುವವರಿಗೆ ಅಂಥ ವೇಳಾಪಟ್ಟಿ ಎರಡು ವಾರವೂ ನಿಲ್ಲಲಾರದು. ಭತ್ತದ ಊರಿನಲ್ಲಿಯೂ ಅಷ್ಟೆ: ಬಿಡುವು ಬರುವುದು ಸುಗ್ಗಿಯ ಲೆಕ್ಕದಲ್ಲಿ, ಗಡಿಯಾರದ ಲೆಕ್ಕದಲ್ಲಲ್ಲ. ಆವಕ ಜೋರಾದ ತಿಂಗಳಲ್ಲಿ ಅಡತಿ ಅಂಗಡಿಯವರಿಗೆ ಊಟಕ್ಕೂ ಪುರುಸೊತ್ತಿಲ್ಲ. ಕಾಲುವೆ ಬತ್ತಿದ ತಿಂಗಳಲ್ಲಿ ಹಗಲು ಸಾಗುವುದೇ ಇಲ್ಲ. ಅಂಥವರಿಗೆ ದಿನಕ್ಕೆ ಅರ್ಧ ಗಂಟೆಯ ಸಾಧನೆ ಬೋಧಿಸುವ ಪುಸ್ತಕಗಳಿಂದ ಪ್ರಯೋಜನ ಕಡಮೆ. ಲೆಕ್ಕ ಬರೆಯುವವರಿಗೆ ಹಳೆಯ ದಫ್ತರಗಳ ಅಳತೆ, ತೂಕ, ದರಗಳನ್ನು ಕೂಡಿಸುವ ರುಚಿ ಹತ್ತಬಹುದು. ಊರೂರು ತಿರುಗುವ ನೌಕರರಿಗೆ ಹನುಮಂತನ ಗುಡಿಯ ಪಕ್ಕದ ವೀರಗಲ್ಲು ಕಾಣುತ್ತದೆ. ಲಿಂಗಸುಗೂರಿನವರಿಗೆ ಮುದಗಲ್ಲಿನ ಕೋಟೆ ಕೈಯಳತೆಯಲ್ಲಿದೆ. ಆಗ ಜೇಬಿನ ಮೊಬೈಲು ಶತ್ರುವಾಗಿ ಉಳಿಯುವುದಿಲ್ಲ. ಪ್ರಿನ್ಸೆಪ್‌ನ ಕಾಲದವರು ಮಸಿ ಬಳಿದು ಕಾಗದ ಒತ್ತಿ ತೆಗೆಯಬೇಕಾಗಿದ್ದ ಪ್ರತಿಯನ್ನು ಅದು ಚಿಟಿಕೆ ಹೊಡೆಯುವುದರೊಳಗೆ ತೆಗೆದುಕೊಡುತ್ತದೆ.

ಪ್ರಿನ್ಸೆಪ್‌ನ ಕಥೆಗೆ ಇನ್ನೊಂದು ಮುಖವಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಟಂಕಸಾಲೆಯ ಕೆಲಸ, ಏಷ್ಯಾಟಿಕ್ ಸೊಸೈಟಿಯ ಕಾರ್ಯದರ್ಶಿತ್ವ, ಅದರ ಪತ್ರಿಕೆ, ನಾಣ್ಯ ಮತ್ತು ತೂಕಗಳ ಸುಧಾರಣೆ, ಇವೆಲ್ಲದರ ಮೇಲೆ ಲಿಪಿಯ ಹುಚ್ಚು. ಲಿಪಿ ಬಿಡಿಸಿದ ಮರುವರ್ಷವೇ ಅವನ ಆರೋಗ್ಯ ಕುಸಿಯಿತು. ಹಡಗು ಹತ್ತಿ ಸ್ವದೇಶಕ್ಕೆ ಮರಳಿದವನು ಚೇತರಿಸಿಕೊಳ್ಳದೆ 1840ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ವಯಸ್ಸು ನಲ್ವತ್ತು. ಮನೆಯಲ್ಲಿ ಹೆಂಡತಿ, ಎಳೆಯ ಮಗಳು. ಹವ್ಯಾಸವೂ ಎರಡನೆಯ ಉದ್ಯೋಗವಾದಾಗ ಮೈ ಅದನ್ನು ಉದ್ಯೋಗವೆಂದೇ ಎಣಿಸುತ್ತದೆ. ಸಂಜೆ ಚಿತ್ರ ತೆಗೆಯಲು ಹೊರಟು, ಅದಕ್ಕೆ ಎಷ್ಟು ಮಂದಿ ಮೆಚ್ಚುಗೆ ಒತ್ತಿದರೆಂದು ರಾತ್ರಿ ಹನ್ನೆರಡರವರೆಗೆ ಎಣಿಸುತ್ತ ಕೂರುವ ಇಂದಿನ ತರುಣರು ಇದನ್ನು ಬಲ್ಲರು.

ಇಷ್ಟು ಹೊತ್ತು ಗೃಹಸ್ಥರ ಮಾತಾಯಿತು. ಗೃಹಿಣಿಯ ಮಾತು ಉಳಿದಿದೆ. ಕಥೆಯ ನಾಲ್ವರೂ ಗಂಡಸರೆಂಬುದನ್ನು ಓದುಗ ಮಹಿಳೆಯರು ಆಗಲೇ ಗಮನಿಸಿರುತ್ತಾರೆ. ಅವರ ಬಿಡುವನ್ನು ಕಾಯ್ದುಕೊಟ್ಟ ಅಡುಗೆಯವರು, ಆಳುಗಳು, ಮನೆಯ ಹೆಂಗಸರು ಯಾವ ಗ್ರಂಥದಲ್ಲೂ ಎಣಿಕೆಗೆ ಬಂದಿಲ್ಲ. ಮಿಕ್ಸಿ, ಗ್ರೈಂಡರು, ಬಟ್ಟೆ ಒಗೆಯುವ ಯಂತ್ರಗಳು ಮನೆಗೆ ಬಂದಾಗ ಗೃಹಿಣಿಗೆ ದಿನಕ್ಕೆ ಎರಡು ಗಂಟೆ ಮಿಕ್ಕೀತೆಂದು ಎಲ್ಲರೂ ನಂಬಿದರು. ರುಬ್ಬುವ ಕಲ್ಲಿನ ಕಾಲದಲ್ಲಿ ಇಡ್ಲಿ ಹಬ್ಬದ ತಿಂಡಿ. ಗ್ರೈಂಡರು ಬಂದ ಮೇಲೆ ವಾರಕ್ಕೆ ಮೂರು ದಿನ. ವಾರಕ್ಕೊಮ್ಮೆ ಒಗೆಯುತ್ತಿದ್ದ ಚಾದರ ಈಗ ಎರಡು ದಿನಕ್ಕೊಮ್ಮೆ ಯಂತ್ರಕ್ಕೆ ಬೀಳುತ್ತದೆ. ಉಳಿದ ಹೊತ್ತು ಮಗುವಿನ ಶಾಲೆಯ ವಾಟ್ಸಾಪ್ ಸೂಚನೆಗಳ ಪಾಲು. ಯಂತ್ರ ಉಳಿಸಿದ ವೇಳೆಯನ್ನು ಮನೆಯವರೆಲ್ಲರೂ ಸೇರಿ ಖರ್ಚು ಮಾಡಿರುತ್ತಾರೆ, ಅವರೊಬ್ಬರನ್ನು ಬಿಟ್ಟು.

ಕೌದಿ ಹೊಲಿಯುವ ಕೈ ಈ ಸೀಮೆಯ ಅನೇಕ ಮನೆಗಳಲ್ಲಿ ಇನ್ನೂ ಉಂಟು. ಹಳೆಯ ಸೀರೆಯ ಚೂರುಗಳನ್ನು ಜೋಡಿಸುವ ಆ ಕೆಲಸಕ್ಕೆ ಸಾಮಾನೇನೂ ಕೊಳ್ಳಬೇಕಾಗಿಲ್ಲ. ಬೇಕಾದುದು ನಡುವೆ ಯಾರೂ ಕರೆಯದ ಒಂದು ಮಧ್ಯಾಹ್ನ. ಸಿಂಧನೂರಿನ ಆ ಗೃಹಸ್ಥರು ಕೀಬೋರ್ಡಿನ ಮೇಲಿನ ಬಟ್ಟೆಗಳನ್ನು ತಾವೇ ಮಡಿಸಿಟ್ಟು, ಭಾನುವಾರದ ಚಹಾವನ್ನೂ ತಾವೇ ಕಾಸಿದರೆ, ಮನೆಯಲ್ಲಿ ಎರಡು ಹವ್ಯಾಸಗಳಿಗೆ ಒಟ್ಟಿಗೆ ಜಾಗವಾಗುತ್ತದೆ.